ಅಪ್ಪ ಹೇಳದೆ ಉಳಿದ ಉತ್ತರ

ಮಾನ್ವಿಯ ನಮ್ಮ ಮನೆಯಲ್ಲಿ ಎರಡು ಬಗೆಯ ನೀರಿತ್ತು. ಹಿತ್ತಲಿನ ಬಾವಿಯದು ಒಂದು. ಅದನ್ನು ಹಗ್ಗ ಹಾಕಿ ಸೇದಬೇಕು. ಅಡಿಗೆಗೆ, ಕುಡಿಯಲಿಕ್ಕೆ, ಸ್ನಾನಕ್ಕೆ ಎಲ್ಲಕ್ಕೂ ಅದೇ. ಇನ್ನೊಂದು ದೇವರ ನೀರು. ಅಜ್ಜ ಹನುಮಪ್ಪನ ಗುಡಿಯ ಅರ್ಚಕ. ಬೆಳಗಾಗುತ್ತಲೇ ಒದ್ದೆ ಪಂಚೆಯಲ್ಲಿ ಗುಡಿಯ ಹಿಂದಿನ ಮೆಟ್ಟಿಲ ಬಾವಿಗೆ ಇಳಿದು, ತಾಮ್ರದ ಕೊಡ ತುಂಬಿಕೊಂಡು, ಅರ್ಧ ನೀರನ್ನು ಗುಡಿಯ ಪೂಜೆಗೆ ಬಳಸಿ ಉಳಿದದ್ದನ್ನು ಮನೆಯ ದೇವರಿಗೆ ತರುತ್ತಿದ್ದ. ಅವನು ಬರುವ ಹೊತ್ತಿಗೆ ನಾವು ಮಕ್ಕಳು ಓಣಿಯಲ್ಲಿದ್ದರೆ ಗೋಡೆಗೆ ಅಂಟಿ ನಿಲ್ಲಬೇಕು. ಮೈಲಿಗೆಯ ಕೈ ಕೊಡಕ್ಕೆ ತಾಗಿದರೆ ಆ ದಿನ ಮನೆಯಲ್ಲಿ ಯಾರಿಗೂ ಹೊತ್ತಿಗೆ ಸರಿಯಾಗಿ ಊಟವಿಲ್ಲ. ನಾನು ಉಸಿರು ಕೂಡ ಹಿಡಿದುಕೊಂಡು ನಿಲ್ಲುತ್ತಿದ್ದೆ. ಪೂಜೆ ಮುಗಿದ ಮೇಲೆ ದೇವರ ಮನೆಯ ಹೊಸ್ತಿಲ ಬಳಿ ಸಾಲಾಗಿ ಕೈ ಒಡ್ಡಿದರೆ ಅಜ್ಜ ತೀರ್ಥ ಹಾಕುತ್ತಿದ್ದ. ತುಳಸಿ, ಪಚ್ಚಕರ್ಪೂರ ಹಾಕಿದ ತಣ್ಣನೆಯ ನೀರು. ನನ್ನ ತಮ್ಮ ಶೀನನಿಗೆ ಅದರ ರುಚಿ ಬಹಳ ಹಿಡಿಸಿತ್ತು. ಒಮ್ಮೆ ಕುಡಿದು ಸಾಲಿನ ಕೊನೆಗೆ ಹೋಗಿ ಮತ್ತೆ ಕೈ ಒಡ್ಡುತ್ತಿದ್ದ. ಯಾರ ಮುಂದೆಯೂ ನಗದ ಅಜ್ಜ ಅವನೆದುರಿಗೆ ಮಾತ್ರ ನಕ್ಕು ಇನ್ನೊಂದು ಉದ್ಧರಣೆ ತೀರ್ಥ ಹಾಕುತ್ತಿದ್ದ.

ಆ ಮನೆಯಲ್ಲಿ ಎಲ್ಲರಿಗೂ ಒಂದೊಂದು ಹೆದರಿಕೆಯಿತ್ತು. ಅವ್ವನಿಗೆ ಮಡಿಯ ಹೆದರಿಕೆ. ಅಪ್ಪನಿಗೆ ಅಜ್ಜನ ಹೆದರಿಕೆ. ಮೀಸೆ ಬಂದ, ಸರಕಾರಿ ಶಾಲೆಯಲ್ಲಿ ಉರ್ದುವಿನಲ್ಲಿ ಪಾಠ ಹೇಳುವ, ಹೈದರಾಬಾದಿಗೆ ಹೋಗಿ ತರಬೇತಿ ಪಡೆದುಬಂದ ಮನುಷ್ಯ ತನ್ನ ಅಪ್ಪನೆದುರು ನಿಂತರೆ ಹೆಗಲ ಮೇಲಿನ ವಸ್ತ್ರದ ತುದಿಯನ್ನು ಹೊಸೆಯುತ್ತಲೇ ಇರುತ್ತಿದ್ದ. ನನಗೆ ಇದ್ದದ್ದು ನಾರಿನ ಹೆದರಿಕೆ. ಈಗಿನವರಿಗೆ ನಾರುಹುಣ್ಣು ಎಂದರೆ ತಿಳಿಯಲಿಕ್ಕಿಲ್ಲ. ನಮ್ಮ ಕಡೆ ಬೇಸಗೆ ಬಂತೆಂದರೆ ಓಣಿಯಲ್ಲಿ ಯಾರದೋ ಕಾಲಿನಲ್ಲಿ ಬೊಕ್ಕೆ ಏಳುತ್ತಿತ್ತು. ಬೆಂಕಿ ಇಟ್ಟ ಹಾಗೆ ಉರಿ. ಬೊಕ್ಕೆ ಒಡೆದರೆ ಒಳಗಿನಿಂದ ಬಿಳಿಯ ದಾರದಂಥ ಹುಳದ ತುದಿ ಹೊರಗೆ ಬರುತ್ತಿತ್ತು. ಅದನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು. ಅವಸರ ಮಾಡಿ ಎಳೆದು ಹರಿದರೆ ಕಾಲು ಬಾತು ಕೀವಾಗಿ ಕೆಲವರ ಮೊಣಕಾಲು ಮತ್ತೆ ಮಡಚುತ್ತಲೇ ಇರಲಿಲ್ಲ. ಅಜ್ಜನಿಗೆ ಹೆಚ್ಚುಕಡಿಮೆ ಪ್ರತಿ ಬೇಸಗೆಯಲ್ಲೂ ಆಗುತ್ತಿತ್ತು. ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, ಕಣ್ಣು ಮುಚ್ಚಿ ಜಪ ಮಾಡುತ್ತ, ಎಡಗೈಯಿಂದ ಕಡ್ಡಿ ತಿರುಗಿಸುತ್ತಿದ್ದ. ಅದನ್ನು ನೋಡಬಾರದೆಂದು ನಾನು ಹಿತ್ತಲ ದಾರಿಯಿಂದ ಓಡಾಡುತ್ತಿದ್ದೆ. ಆದರೂ ಎಲೆಯಲ್ಲಿ ಶಾವಿಗೆ ಕಂಡರೆ ನನಗೆ ಊಟ ಸೇರುತ್ತಿರಲಿಲ್ಲ.

ಶಾಲೆಯಲ್ಲಿ ಅಪ್ಪ ಪುಸ್ತಕದಲ್ಲಿದ್ದದ್ದನ್ನು ಓದಿಸಿ ಬಾಯಿಪಾಠ ಮಾಡಿಸಬೇಕಾಗಿತ್ತು. ತಪಾಸಣೆಗೆ ಬರುವವರು ಕೇಳುತ್ತಿದ್ದುದೂ ಅದನ್ನೇ. ಆದರೆ ಶುಕ್ರವಾರ ಶಾಲೆಗೆ ಸೂಟಿ. ಆ ದಿನ ದೊಡ್ಡ ತರಗತಿಯ ಕೆಲವು ಹುಡುಗರು ನಮ್ಮ ಮನೆಯ ಮುಂದಿನ ಬೇವಿನ ಕಟ್ಟೆಗೆ ಬರುತ್ತಿದ್ದರು. ಅಲ್ಲಿ ಪುಸ್ತಕವಿರಲಿಲ್ಲ. ಅಪ್ಪ ಒಂದು ಪ್ರಶ್ನೆ ಹಾಕಿ ಸುಮ್ಮನೆ ಕುಳಿತುಬಿಡುತ್ತಿದ್ದ. ಮಣ್ಣಿನ ಗಡಿಗೆಯಲ್ಲಿ ನೀರು ಯಾಕೆ ತಣ್ಣಗಿರುತ್ತದೆ, ಹಿತ್ತಾಳೆಯದರಲ್ಲಿ ಯಾಕಿಲ್ಲ? ಹತ್ತಿ ಮಿಲ್ಲಿನ ಪಟ್ಟಿ ಒಂದು ಗಾಲಿಯನ್ನು ಮೆಲ್ಲಗೂ ಇನ್ನೊಂದನ್ನು ಜೋರಾಗಿಯೂ ಹೇಗೆ ತಿರುಗಿಸುತ್ತದೆ? ಹುಡುಗರು ಹೋಗಿ ನೋಡಿ, ಮಾಡಿ, ತಪ್ಪಿ, ಜಗಳಾಡಿ ಬರಬೇಕು. ಉತ್ತರ ಅವನ ಬಾಯಿಂದ ಬರುತ್ತಿರಲಿಲ್ಲ. ನನ್ನನ್ನು ಹುಡುಗರ ನಡುವೆ ಕೂಡಿಸುವಂತಿರಲಿಲ್ಲ. ನಾನು ಪಡಸಾಲೆಯ ಕಿಟಕಿಯ ಸರಳು ಹಿಡಿದು ಒಳಗೆ ನಿಲ್ಲುತ್ತಿದ್ದೆ. ನನ್ನ ಹಿಂದೆ ಮಣೆಯ ಮೇಲೆ ಅಜ್ಜ ಜಪಕ್ಕೆ ಕುಳಿತಿರುತ್ತಿದ್ದ. ಆ ವರ್ಷದ ಬೇಸಗೆಯಲ್ಲಿ ಅಪ್ಪ ಹಾಕಿದ ಪ್ರಶ್ನೆ, ನಾರು ಕೆಲವರಿಗೇ ಯಾಕೆ ಆಗುತ್ತದೆ ಎಂಬುದು.

ಹುಡುಗರು ಮೊದಲು ಉಷ್ಣವೆಂದರು, ಬರಿಗಾಲಲ್ಲಿ ತಿರುಗುವುದೆಂದರು, ದೇವಿಯ ಸಿಟ್ಟೆಂದರು. ಅಪ್ಪ ಯಾವುದನ್ನೂ ತಪ್ಪೆನ್ನಲಿಲ್ಲ. ಹಾಗಿದ್ದರೆ ಅದೇ ಬಿಸಿಲಲ್ಲಿ ತಿರುಗುವ ಮುಂದಿನ ಓಣಿಯವರಿಗೆ ಯಾಕಿಲ್ಲ ಎಂದು ಕೇಳಿದ. ಖಾಜಾ ಎಂಬ ಹುಡುಗ, ಹತ್ತಿ ಹಿಂಜುವ ನದಾಫರವನು, ಮನೆಮನೆಗೆ ಹೋಗಿ ಕೇಳಿಬರೋಣವೆಂದ. ಎಲ್ಲರೂ ಹೋದರು. ಅಂಗಳದಲ್ಲಿ ಸುಣ್ಣದಿಂದ ಊರಿನ ಓಣಿಗಳನ್ನು ಗೀಚಿ, ನಾರು ಆದ ಮನೆ ಬಂದಲ್ಲಿ ಒಂದು ಹುಣಸೆಬೀಜ ಇಡುತ್ತ ಹೋದರು. ನಾನು ಕಿಟಕಿಯಿಂದ ನೋಡುತ್ತಿದ್ದ ಹಾಗೆ ಬೀಜಗಳು ಗುಡಿಯ ಸುತ್ತಲಿನ ಓಣಿಗಳಲ್ಲಿ ಗುಂಪುಗೂಡಿದವು. ಸೇದುವ ಬಾವಿಗಳಿದ್ದ ಕಡೆ ನೆಲ ಹೆಚ್ಚುಕಡಿಮೆ ಬರಿದಾಗಿ ಉಳಿಯಿತು. ಪ್ರತಿ ಬೀಜವೂ ಒಂದು ಮನೆ, ಅಲ್ಲಿ ಒಂದು ಕಾಲು, ಅದರಲ್ಲಿ ಒಂದು ಹುಳ.

ಹುಡುಗರು ಮನೆಮನೆಗೆ ಹೋದದ್ದು ಠಾಣೆಗೆ ಗೊತ್ತಾಯಿತು. ಆಗಿನ ಕಾಲದಲ್ಲಿ ನಾಲ್ಕು ಜನ ಸೇರಿ ಓಣಿ ತಿರುಗಿದರೆ ಸರಕಾರದ ವಿರುದ್ಧ ಏನೋ ನಡೆದಿದೆ ಎಂದೇ ಲೆಕ್ಕ. ಒಬ್ಬ ಜವಾನ ಬಂದು, ಠಾಣೆಯ ಅಧಿಕಾರಿ ಅಮೀನ ಸಾಹೇಬರು ಮಾಸ್ತರರನ್ನು ಕರೆದಿದ್ದಾರೆಂದು ಹೇಳಿದ. ಅಪ್ಪ ಉಣ್ಣುತ್ತಿದ್ದ ಎಲೆಯ ಮುಂದಿನಿಂದ ಎದ್ದು ಹೋದ. ಅವನ ಎಲೆಯಲ್ಲಿ ಅರ್ಧ ಮುರಿದ ರೊಟ್ಟಿ ಹಾಗೇ ಇತ್ತು. ಅವ್ವ ಅದನ್ನು ತೆಗೆಯಲೂ ಇಲ್ಲ, ನಮಗೆ ಬಡಿಸಲೂ ಇಲ್ಲ. ದೇವದುರ್ಗ ತಾಲೂಕಿನ ಗಬ್ಬೂರು ಅವಳ ತವರು. ಅಲ್ಲಿಗೆ ಹೋಗಲೆಂದು ಟ್ರಂಕು ತೆಗೆದು ನಮ್ಮ ಬಟ್ಟೆ ಮಡಚತೊಡಗಿದಳು. ಠಾಣೆಗೆ ಹೋಗಿ ವಾಪಸು ಬರದವರ ಕತೆಗಳು ನನಗೂ ಗೊತ್ತಿದ್ದವು. ನಾನು ಬಾಗಿಲ ಬಳಿ ಕುಳಿತು ರಸ್ತೆಯಲ್ಲಿ ಬರುವ ಪ್ರತಿಯೊಬ್ಬನ ನಡಿಗೆಯನ್ನೂ ಅಪ್ಪನದೇ ಎಂದುಕೊಳ್ಳುತ್ತಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಅಪ್ಪ ಬಂದ. ಮೈಮೇಲೆ ಏಟಿನ ಗುರುತಿರಲಿಲ್ಲ. ಚರಿಗೆಯ ನೀರನ್ನು ಒಂದೇ ಸಮನೆ ಕುಡಿದು, ಅಲ್ಲಿ ನಡೆದದ್ದನ್ನು ಅವ್ವನಿಗೆ ಹೇಳಿದ. ಅಮೀನರು ಮೊದಲು ಬಹಳ ಗದರಿಸಿದರಂತೆ. ಹುಡುಗರು ಏನು ಕೇಳುತ್ತ ತಿರುಗುತ್ತಿದ್ದಾರೆಂದು ಅಪ್ಪ ವಿವರಿಸಿದ ಮೇಲೆ ಜವಾನನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಪಾಯಿಜಾಮ ಮೇಲೆತ್ತಿದರಂತೆ. ಕಣಕಾಲಿಗೆ ಕಡ್ಡಿ ಕಟ್ಟಿತ್ತು. ಠಾಣೆಗೂ ನೀರು ಬರುತ್ತಿದ್ದದ್ದು ಗುಡಿಯ ಬಾವಿಯಿಂದಲೇ. ಇನ್ನು ಹುಡುಗರನ್ನು ಯಾರ ಮನೆಗೂ ಕಳಿಸಕೂಡದು, ಆದರೆ ಉತ್ತರ ಸಿಕ್ಕರೆ ತನಗೂ ಹೇಳಬೇಕು ಎಂದು ತಾಕೀತು ಮಾಡಿ ಬಿಟ್ಟರಂತೆ. ಅವ್ವ ಎಲ್ಲ ಕೇಳಿಸಿಕೊಂಡಳು. ಟ್ರಂಕಿನ ಬಟ್ಟೆಯನ್ನು ಮಾತ್ರ ಹೊರಗೆ ತೆಗೆಯಲಿಲ್ಲ.

ಮುಂದಿನ ಶುಕ್ರವಾರ ಹುಡುಗರು ಬಂದರು. ಬೇರೆಯವರ ಮನೆಗೆ ಹೋಗುವಂತಿಲ್ಲವಾದ್ದರಿಂದ ಇರುವ ಬೀಜಗಳನ್ನೇ ನೋಡುತ್ತ ಕುಳಿತರು. ಮೆಟ್ಟಿಲ ಬಾವಿಯ ನೀರು ಕುಡಿದವರಿಗೆ ನಾರು ಬರುತ್ತದೆ, ಸೇದುವ ಬಾವಿಯವರಿಗೆ ಬರುವುದಿಲ್ಲ ಎಂಬಲ್ಲಿಗೆ ಬಂದಿದ್ದರು. ಒಂದು ಬೀಜ ಮಾತ್ರ ಆ ಮಾತಿಗೆ ಹೊಂದುತ್ತಿರಲಿಲ್ಲ. ಅದು ನಮ್ಮ ಮನೆಯ ಬೀಜ. ಅದರ ಮೇಲೆ ಬೆರಳಿಟ್ಟವನು ಬಸಲಿಂಗ. ಅವನ ತಂದೆತಾಯಿ ಕಂಡವರ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದರು. ಹೆಚ್ಚು ಮಾತಾಡುವ ಹುಡುಗನಲ್ಲ.

“ಮಾಸ್ತರ್ರೀ, ನಿಮ್ಮ ಮನ್ಯಾಗ ಸೇದೋ ಬಾವಿ ಅದ. ಮತ್ತ ನಿಮ್ಮ ಮನಿಗೆ ನಾರು ಹೆಂಗ ಬರಾಕತ್ತದ್ರೀ?”

ಅಪ್ಪ ತಲೆ ತಗ್ಗಿಸಿ ಸುಮ್ಮನಾದ. ಅವನು ಪ್ರಶ್ನೆ ಹಾಕಿ ಸುಮ್ಮನಿರುವುದು ನನಗೆ ಗೊತ್ತಿತ್ತು. ಇದು ಆ ಮೌನವಲ್ಲವೆಂದು ನನಗೆ ತಿಳಿಯಲಿಲ್ಲ. ಯಾರೂ ಉತ್ತರ ಹೇಳದಿದ್ದಾಗ ಕಿಟಕಿಯಿಂದ ನಾನೇ ಹೇಳಿದೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಆಗಿಲ್ಲ, ಅಜ್ಜನಿಗೆ ವರ್ಷವರ್ಷವೂ ಆಗುತ್ತದೆ, ಅವ್ವನಿಗೆ ಒಮ್ಮೆ ಆಗಿದೆ, ಅಪ್ಪನಿಗೆ ಹೈದರಾಬಾದಿನಿಂದ ಬಂದ ಮೇಲೆ ಆಗಿಯೇ ಇಲ್ಲ ಎಂದೆ. ಖಾಜಾ ಕಿಟಕಿಯ ಕಡೆ ತಿರುಗಿದ. ಅಪ್ಪ ಕಲಿಸಿದಂತೆಯೇ ಕೇಳಿದ.

“ಹಂಗಾರ ಅವರಿಬ್ಬರು ಮಾಡೋದು, ಮಾಸ್ತರ್ರು ಮಾಡದ್ದು ಏನದವ್ವಾ?”

ನಾನು ಯೋಚಿಸಿದೆ. ಉಣ್ಣುವುದು ಒಂದೇ ಅಡಿಗೆ, ಕುಡಿಯುವುದು ಒಂದೇ ಹಂಡೆಯ ನೀರು. ಹೊಸ್ತಿಲ ಬಳಿಯ ಸಾಲು ಕಣ್ಣ ಮುಂದೆ ಬಂತು. ನನ್ನ ಪಕ್ಕದಲ್ಲಿ ಅಪ್ಪನ ಕೈ.

“ಅಪ್ಪ ತೀರ್ಥ ಕುಡಿಯೋದಿಲ್ಲ. ತಲಿಗೆ ಒರಸಿಕೋತಾನ.”

ಉತ್ತರ ಸರಿಯೆಂದು ಹುಡುಗರ ಮುಖದಲ್ಲೇ ಕಂಡಿತು. ಒಂದು ಗಳಿಗೆ ನನಗೆ ಹೆಮ್ಮೆಯೂ ಆಯಿತು. ಆಮೇಲೆ ಹಿಂದಿನಿಂದ ಜಪಮಣಿಯ ಸದ್ದು ನಿಂತದ್ದು ಕೇಳಿಸಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಅಜ್ಜ ಮಣೆಯಿಂದ ಎದ್ದು, ನನ್ನ ಬೆನ್ನ ಹಿಂದಿನಿಂದ ಹಾದು, ಬಾಗಿಲು ದಾಟಿ, ಹುಣಸೆಬೀಜಗಳ ನಡುವೆಯೇ ನಡೆದು ಗುಡಿಯ ಕಡೆ ಹೋದ. ಹುಡುಗರು ಎದ್ದು ನಿಂತರು. ಅಪ್ಪ ಅವರನ್ನು ಮನೆಗೆ ಕಳಿಸಿದ. ಮಾರನೆಯ ಬೆಳಿಗ್ಗೆ ನಾವೆಲ್ಲ ಸಾಲಾಗಿ ಕೈ ಒಡ್ಡಿದಾಗ ಅಜ್ಜ ನನಗೆ ತೀರ್ಥ ಹಾಕಿದ, ಅವ್ವನಿಗೆ ಹಾಕಿದ, ಶೀನನಿಗೆ ಹಾಕಿದ. ಅಪ್ಪನ ಕೈಯನ್ನು ದಾಟಿ ಹೋದ. ಅಂದಿನಿಂದ ಅವನು ಅಪ್ಪನ ಜೊತೆ ಮಾತಾಡಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ದಿನ ಅನಿಸಿತ್ತು. ಉಣ್ಣುವಾಗ ಅಜ್ಜ ಕಣ್ಣೆತ್ತಿದರೆ ಸಾಕು, ನನ್ನ ಕೈಯ ತುತ್ತು ಎಲೆಗೆ ಬೀಳುತ್ತಿತ್ತು.

ಅಪ್ಪನಿಗೆ ತೀರ್ಥ ಸಿಗದ ಆ ದಿನವೇ ಮಧ್ಯಾಹ್ನ, ಅಜ್ಜ ಮಲಗಿದ್ದಾಗ, ಅವ್ವ ಅಡಿಗೆಮನೆಯಲ್ಲಿ ಅಪ್ಪನನ್ನು ಹಿಡಿದು ಕೇಳಿದಳು. ನಾನು ಬೀಸುವ ಕಲ್ಲಿನ ಹಿಂದೆ ಕುಳಿತಿದ್ದೆ. ಅವಳು ಅಪ್ಪನಿಗೆ ಎದುರಾಡಿದ್ದನ್ನು ನಾನು ಅದಕ್ಕಿಂತ ಮುಂಚೆ ಕೇಳಿರಲಿಲ್ಲ.

“ನಿಮಗ ಮೊದಲs ಗೊತ್ತಿತ್ತು.”

“ಗೊತ್ತಿತ್ತು.”

“ಮಕ್ಕಳು ದಿನಾ ಕೈ ಒಡ್ಡೋದು ನಿಮ್ಮ ಕಣ್ಣಿಗೆ ಬೀಳಲಿಲ್ಲೇನು?”

ಅಪ್ಪ ನೆಲ ನೋಡುತ್ತ ಹೇಳಿದ. ಹೈದರಾಬಾದಿನಿಂದ ಬಂದ ಹೊಸದರಲ್ಲಿ ಅಜ್ಜನಿಗೆ ಒಂದು ಸಲ ಹೇಳಿದ್ದನಂತೆ. ಆ ಬಾವಿಯ ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಂಥ ಜೀವಗಳಿವೆ, ಅವುಗಳ ಹೊಟ್ಟೆಯಲ್ಲಿ ನಾರಿನ ಮರಿಯಿರುತ್ತದೆ, ನೀರಿನ ಜೊತೆ ನಮ್ಮೊಳಗೆ ಹೋಗಿ ಸುಮಾರು ಒಂದು ವರ್ಷ ಬೆಳೆದು ಕಾಲಿಗೆ ಇಳಿಯುತ್ತದೆ ಎಂದು. ಅಜ್ಜ ಅಂದು ಊಟ ಬಿಟ್ಟನಂತೆ. ದೇವರ ನೀರಿಗೆ ದೋಷ ಹೇಳಿದ ಮಗನ ಮನೆಯಲ್ಲಿ ಅನ್ನ ಮುಟ್ಟುವುದಿಲ್ಲವೆಂದು ಗುಡಿಯ ಕಂಬಕ್ಕೆ ಒರಗಿ ಕುಳಿತುಬಿಟ್ಟನಂತೆ. ಕೊನೆಗೆ ಅಪ್ಪ ಅವನ ಕಾಲು ಹಿಡಿದು, ಇನ್ನು ಈ ಮಾತು ನನ್ನ ಬಾಯಿಂದ ಬರುವುದಿಲ್ಲವೆಂದು ಆಣೆ ಮಾಡಿ ಎಬ್ಬಿಸಿಕೊಂಡು ಬಂದಿದ್ದ. ಅಪ್ಪ ತೀರ್ಥವನ್ನು ತಲೆಗೆ ಒರೆಸಿಕೊಳ್ಳುವುದು ಅಜ್ಜನಿಗೆ ಕಾಣುತ್ತಿತ್ತು. ಕಂಡೂ ಕಾಣದ ಹಾಗಿದ್ದ.

“ನಾ ಹೇಳಬಾರದು ಅಂತ ಆಣಿ ಆಗಿತ್ತು. ಹುಡುಗ್ರು ತಾವs ಕಂಡುಹಿಡಿದ್ರ ಆಣಿ ಮುರಿಯೋದಿಲ್ಲ ಅಂದುಕೊಂಡೆ.”

“ಹುಡುಗ್ರು ಕಂಡುಹಿಡಿಯೋ ತನಕ ನನ್ನ ಮಕ್ಕಳು ಕುಡೀತಿರಬೇಕಿತ್ತೇನು?”

ಅಪ್ಪ ಹಿತ್ತಲ ಬಾಗಿಲಿನಿಂದ ಹೊರಗೆ ಹೋದ. ಮುಂದೆ ನಾನು ರಾಯಚೂರಿನಲ್ಲಿ ಹೆಣ್ಣುಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು. ಅಪ್ಪನ ಹಾಗೆಯೇ ಪ್ರಶ್ನೆ ಹಾಕಿ ಮಕ್ಕಳನ್ನು ಹೊರಗೆ ಕಳಿಸಿ ಕಲಿಸಿದೆ. ಅದಕ್ಕಿಂತ ಒಳ್ಳೆಯ ದಾರಿ ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಪಾಠ ಮಾಡುವಾಗ ಅವ್ವನ ಆ ಮಾತು ಕಿವಿಯಲ್ಲಿ ಇದ್ದೇ ಇರುತ್ತಿತ್ತು. ವಿದ್ಯುತ್ತಿನ ತಂತಿ, ಆಮ್ಲ, ಕುಡಿಯುವ ನೀರು ಇವುಗಳ ವಿಷಯಕ್ಕೆ ಬಂದರೆ ಮೊದಲು ಉತ್ತರ ಹೇಳಿಬಿಟ್ಟು ಆಮೇಲೆ ಪ್ರಶ್ನೆ ಕೇಳುತ್ತಿದ್ದೆ. ಇದು ಸರಿಯಾದ ಕ್ರಮವಲ್ಲವೆಂದು ಹೇಳಿದವರಿಗೆ ನಾನು ವಾದ ಮಾಡಲು ಹೋಗಲಿಲ್ಲ.

ಅವ್ವ ಯಾರನ್ನೂ ಕೇಳದೆ ತನ್ನ ಕೆಲಸ ಶುರುಮಾಡಿದಳು. ಅಜ್ಜ ಕೊಡವನ್ನು ದೇವರ ಮನೆಯಲ್ಲಿಟ್ಟು ಹೂ ತರಲು ಹಿತ್ತಲಿಗೆ ಹೋದಾಗ, ಮಡಿಯಲ್ಲಿದ್ದ ಅವಳು ಒಗೆದ ಹತ್ತಿಯ ವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಇನ್ನೊಂದು ಕೊಡದ ಬಾಯಿಗೆ ಕಟ್ಟಿ ನೀರು ಸೋಸಿದಳು. ಆ ವಸ್ತ್ರವನ್ನು ಗಾಜಿನ ಸೀಸೆಯ ನೀರಿನಲ್ಲಿ ಜಾಲಾಡಿಸಿ, ಸೀಸೆಯನ್ನು ಕಟ್ಟೆಯ ಹುಡುಗರಿಗೆ ಕೊಡಲು ನನ್ನ ಕೈಯಲ್ಲಿ ಕಳಿಸಿದಳು. ಖಾಜಾ ಬಿಸಿಲಿಗೆ ಹಿಡಿದ. ಸಾಸಿವೆಯ ತುಣುಕಿಗಿಂತಲೂ ಸಣ್ಣ ಬಿಳಿ ಚುಕ್ಕೆಗಳು ನೀರಿನಲ್ಲಿ ಕುಪ್ಪಳಿಸುತ್ತಿದ್ದವು. ನಾನು ಸೀಸೆಯನ್ನು ಮತ್ತೆ ಮುಟ್ಟಲಿಲ್ಲ. ಅಷ್ಟು ದಿನ ಅವು ನನ್ನ ಅಂಗೈಯಲ್ಲಿ ಕುಪ್ಪಳಿಸಿ ನನ್ನ ಬಾಯಿಗೆ ಹೋಗಿದ್ದವು. ವಸ್ತ್ರ ಕಟ್ಟುವುದನ್ನು ಅಜ್ಜ ಒಂದು ದಿನ ನೋಡಿದ. ಹೂವಿನ ಬುಟ್ಟಿ ಕೆಳಗಿಟ್ಟು, ಮಾತಾಡದೆ ಗಂಧ ತೇಯಲು ಕುಳಿತ.

ಆ ವರ್ಷ ನನ್ನ ಬಾಲ್ಯದ ಅತ್ಯಂತ ಉದ್ದದ ವರ್ಷ. ಇನ್ನು ಮೇಲೆ ಕುಡಿಯುವ ನೀರು ಸೋಸಿದ್ದು ನಿಜ, ಈಗಾಗಲೇ ಕುಡಿದದ್ದು ಒಳಗೆ ಬೆಳೆಯುತ್ತಿದ್ದರೆ? ಮಳೆಗಾಲ ಬಂತು, ಜೋಳ ಬಂತು, ಎಳ್ಳು ಬೀರಿದೆವು. ನನ್ನ ಮನಸ್ಸೆಲ್ಲ ಕಾಲಿನಲ್ಲೇ ಇತ್ತು. ಸ್ನಾನ ಮಾಡುವಾಗ ಮೊಣಕಾಲಿನಿಂದ ಹಿಮ್ಮಡಿಯ ತನಕ ಬೆರಳಿನಿಂದ ಒತ್ತಿ ನೋಡಿಕೊಳ್ಳುತ್ತಿದ್ದೆ. ಸೊಳ್ಳೆ ಕಚ್ಚಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅದು ನಿಜವಾಗುತ್ತದೆ ಎಂದು ಯಾಕೋ ಅನಿಸಿತ್ತು. ನಾನು ಹೀಗೆ ನನ್ನ ಕಾಲನ್ನೇ ಕಾಯುತ್ತಿರುವಾಗ ಮರುವರ್ಷದ ಬಿಸಿಲಿಗೆ ಬೊಕ್ಕೆ ಎದ್ದದ್ದು ಶೀನನ ಕಾಲಿನಲ್ಲಿ. ಹೊಸ್ತಿಲ ಬಳಿ ಎರಡೆರಡು ಸಲ ಕೈ ಒಡ್ಡುತ್ತಿದ್ದ ಹುಡುಗ.

ಉರಿಗೆ ಅವನು ಅಂಗಳದಲ್ಲಿ ಉರುಳಾಡುತ್ತಿದ್ದ. ಅವ್ವ ಹಿತ್ತಾಳೆಯ ಬೋಗುಣಿಗೆ ನೀರು ತುಂಬಿ ಅವನ ಕಾಲನ್ನು ಅದರಲ್ಲಿಟ್ಟಳು. ಅಳು ನಿಂತಿತು. ಬೊಕ್ಕೆ ಒಡೆದು, ನೀರಿನಲ್ಲಿ ಹಾಲು ಬೆರೆತ ಹಾಗೆ ಬೆಳ್ಳಗೆ ಏನೋ ಹರಡಿತು. ಅವ್ವ ಬೋಗುಣಿ ಎತ್ತಿಕೊಂಡು ಹಿತ್ತಲ ಬಾವಿಯ ಕಡೆ ಚೆಲ್ಲಲು ಹೊರಟಾಗ ಅಪ್ಪ ಓಡಿಬಂದು ಅವಳ ಕೈ ಹಿಡಿದು ನಿಲ್ಲಿಸಿದ. ಬಾವಿಯ ಹತ್ತಿರ ಬೇಡ, ಒಲೆಯ ಮೇಲಿಟ್ಟು ಕುದಿಸು ಎಂದ. ಮೊಮ್ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಅಜ್ಜ ಅಪ್ಪನನ್ನೇ ನೋಡಿದ. ಒಂದು ವರ್ಷದ ಮೇಲೆ ಮೊದಲ ಬಾರಿಗೆ ಅವನ ಜೊತೆ ಮಾತಾಡಿದ.

“ಯಾಕ ಬೇಡ, ವೆಂಕಣ್ಣಾ?”

ಅಪ್ಪ ಹೆಗಲ ವಸ್ತ್ರದ ತುದಿಯನ್ನು ಹೊಸೆಯತೊಡಗಿದ.

“ಆಣಿ ಬಿಡಿಸೀನಿ. ಹೇಳು.”

ಅಪ್ಪ ಕೆಳಗೆ ಕುಳಿತು ಹೇಳಿದ. ಹುಳ ಕಾಲಿನ ಚರ್ಮಕ್ಕೆ ಬಂದು ಉರಿ ಎಬ್ಬಿಸುವುದೇ ಮನುಷ್ಯ ಕಾಲನ್ನು ನೀರಿನಲ್ಲಿ ಇಡಲೆಂದು. ನೀರು ತಾಗಿದರೆ ಅದು ತನ್ನ ಮರಿಗಳನ್ನು ಬಿಡುತ್ತದೆ. ಬಾವಿಯ ನೀರಿನ ಆ ಸಣ್ಣ ಜೀವಗಳು ಮರಿಗಳನ್ನು ನುಂಗುತ್ತವೆ, ಅವುಗಳನ್ನು ನಾವು ಕುಡಿಯುತ್ತೇವೆ. ಸೇದುವ ಬಾವಿಯಲ್ಲಿ ಯಾರ ಕಾಲೂ ಇಳಿಯುವುದಿಲ್ಲ. ಅಷ್ಟೇ ವ್ಯತ್ಯಾಸ. ಶೀನನ ಕೂದಲಲ್ಲಿ ಆಡುತ್ತಿದ್ದ ಅಜ್ಜನ ಬೆರಳು ನಿಂತಿತು. ಯಾರಿಗೂ ಹೇಳುತ್ತಿಲ್ಲವೆಂಬಂತೆ ಅವನು ಹೇಳಿದ.

“ನನಗೂ ಉರಿ ತಡೀತಿದ್ದಿಲ್ಲ. ಬಾವ್ಯಾಗ ಇಳಿದು ನಿಂತ್ರ ತಣ್ಣಗ ಆಗ್ತಿತ್ತು. ದೇವರು ನನ್ನ ನೋವು ಕಳೀಲಿಕ್ಕತ್ತಾನ ಅಂತ ತಿಳಕೊಂಡು ಬೇಕಂತಲೇ ನಿಲ್ಲತಿದ್ದೆ.”

ಅಪ್ಪ ಏನೋ ಹೇಳಲು ಹೋದ. ಅಜ್ಜ ಕೈ ಎತ್ತಿ ಬೇಡವೆಂದ.

ಶೀನನ ಹುಳ ಹರಿಯದೆ ಹೊರಗೆ ಬಂತು. ಅಪ್ಪ ಕಡ್ಡಿ ಸುತ್ತುವಾಗ ಅಜ್ಜ ಕಾಲು ಹಿಡಿದುಕೊಳ್ಳುತ್ತಿದ್ದ. ಕಣಕಾಲಿನ ಕಲೆಯೊಂದು ಬಿಟ್ಟರೆ ಶೀನನಿಗೆ ಬೇರೆ ಏನೂ ಉಳಿಯಲಿಲ್ಲ. ನನಗೆ ನಾರು ಆಗಲೇ ಇಲ್ಲ. ಅದು ಯಾಕೆಂದು ಮಾತ್ರ ನನಗೆ ಇಂದಿಗೂ ಗೊತ್ತಿಲ್ಲ.

ಅಪ್ಪ ಎಲ್ಲ ಬಿಡಿಸಿ ಹೇಳಿದ ಮಾರನೆಯ ಬೆಳಿಗ್ಗೆಯಿಂದಲೇ ಅಜ್ಜ ಬಾವಿಗೆ ಇಳಿಯುವುದನ್ನು ಬಿಟ್ಟಿದ್ದ. ಮೇಲಿನ ಮೆಟ್ಟಿಲಿಗೆ ಜಾಲಿಮುಳ್ಳು ಹಾಕಿಸಿ, ಗೋಡೆ ಕಟ್ಟಲು ಒಡ್ಡರನ್ನು ಕರೆಸಿ, ಇನ್ನೊಂದು ಬದಿಗೆ ಸೇದಲು ಗಾಲಿ ಕೂಡಿಸಿದ. ದೇವರ ಬಾವಿಗೆ ಮುಳ್ಳು ಬಿದ್ದದ್ದನ್ನು ಕಂಡು ಊರಿನವರು ಏನು ಮಾಡುವರೋ ಎಂದು ಅಪ್ಪನಿಗೂ ಅವ್ವನಿಗೂ ಭಯ. ಅಪ್ಪ ನನ್ನನ್ನು ಕರೆದುಕೊಂಡು ಅಲ್ಲಿಗೇ ಹೋಗಿ ನಿಂತ. ಅಜ್ಜ ಕಲ್ಲಿನ ರಾಶಿಯ ಮೇಲೆ ಕುಳಿತಿದ್ದ. ಕೊಡ ಹೊತ್ತು ಬಂದವರೆಲ್ಲ ಮುಳ್ಳು ಯಾಕೆಂದು ಕೇಳುತ್ತಿದ್ದರು. ಎಂದೂ ಯಾರ ಮುಂದೆಯೂ ತಲೆ ತಗ್ಗಿಸದ ಅಜ್ಜ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ನಾರಿನ ಕಲೆಗಳನ್ನು ತೋರಿಸಿ, ಈ ಕಾಲಿನಿಂದ ಬಾವಿ ಕೆಟ್ಟಿದೆ ಎಂದು ಒಬ್ಬೊಬ್ಬರಿಗೂ ಮೊದಲಿನಿಂದ ಹೇಳುತ್ತಿದ್ದ. ಕೆಲವರು ನಂಬದೆ ಗೊಣಗಿಕೊಂಡು ಹೋದರು. ಆಮೇಲೆ ಬಸಲಿಂಗನ ತಾಯಿ ಬಂದಳು. ಅವಳ ಮಗಳಿಗೆ ನಾರು ಹರಿದು ಮೊಣಕಾಲು ಸೆಟೆದುಕೊಂಡಿತ್ತು. ಆ ಹುಡುಗಿ ಕೈ ಊರಿಕೊಂಡೇ ಓಣಿಯಲ್ಲಿ ತೆವಳುತ್ತಿದ್ದುದನ್ನು ನಾನು ದಿನಾ ನೋಡುತ್ತಿದ್ದೆ. ತಾಯಿ ಅಜ್ಜ ಹೇಳಿದ್ದನ್ನೆಲ್ಲ ನಿಂತು ಕೇಳಿದಳು.

“ಹಂಗಾರ ನಮ್ಮ ಹುಡುಗಿಗೆ ಆದದ್ದೂ ಈ ಕಾಲಿಂದನs ಏನ್ರೀ ಯಪ್ಪಾ?”

“ಹೌದಿರಬೇಕವ್ವಾ.”

ಅವಳು ಅಜ್ಜನ ಕಾಲನ್ನೇ ನೋಡುತ್ತ ನಿಂತಳು. ಒಡ್ಡರ ಸುತ್ತಿಗೆಯ ಸದ್ದೂ ನಿಂತಿತ್ತು. ಅಪ್ಪ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದ. ಅವಳು ಕೊಡವನ್ನು ಎತ್ತಿ ಅಜ್ಜನ ತಲೆಯ ಮೇಲೆ ಹಾಕುತ್ತಾಳೆಂದೇ ನಾನು ಅಂದುಕೊಂಡೆ. ಅಜ್ಜನೂ ಹಾಗೆಯೇ ಅಂದುಕೊಂಡಿರಬೇಕು, ಕಣ್ಣು ಮುಚ್ಚಿ ಕುಳಿತಿದ್ದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಕೊಡವನ್ನು ಕೆಳಗಿಟ್ಟು, ಹೊಸ ಗಾಲಿಯ ಕಡೆ ಒಮ್ಮೆ ನೋಡಿ, ಹಗ್ಗ ಎಲ್ಲಿಟ್ಟೀರಿ ಎಂದು ಕೇಳಿದಳು.